ಮಾರ್ಚ್ ಬಂತು, ಶಾಲೆಯ ಚೀಟಿ ಓದಿ: ಅಮೆರಿಕಕ್ಕೆ ಹೊರಟ ನಮ್ಮೂರ ಅಪ್ಪ-ಅಮ್ಮಂದಿರಿಗೆ

ನಮ್ಮಲ್ಲಿ ಮಾರ್ಚ್ ಬಂತೆಂದರೆ ಶಾಲೆ ಮುಗಿಯುತ್ತಾ ಬಂತು ಅಂತಲೇ ಲೆಕ್ಕ. ಪರೀಕ್ಷೆ, ಏಪ್ರಿಲ್ ಎರಡನೇ ವಾರದ ಹೊತ್ತಿಗೆ ರಿಸಲ್ಟ್, ಆಮೇಲೆ ಅಜ್ಜಿ ಮನೆ. ಅಮೆರಿಕದ ಪ್ರೈಮರಿ ಶಾಲೆಯಲ್ಲಿ ಹಾಗಲ್ಲ. ಅಲ್ಲಿ ಶಾಲೆ ಮುಗಿಯುವುದು ಮೇ ಕೊನೆಗೆ, ಕೆಲವು ಕಡೆ ಜೂನ್ ಮಧ್ಯಕ್ಕೆ. ಮಾರ್ಚ್‌ನಿಂದ ಮೇವರೆಗೆ ಮಗುವಿನ ಬ್ಯಾಗಿನಲ್ಲಿ, ನಿಮ್ಮ ಈಮೇಲ್‌ನಲ್ಲಿ ಚೀಟಿ ಮೇಲೆ ಚೀಟಿ ಬರುತ್ತದೆ. ನಮ್ಮವರು ಅದನ್ನು ಓದುವುದೇ ಕಡಿಮೆ. ಏನಾದರೂ ಮುಖ್ಯ ಇದ್ದರೆ ಶಾಲೆಯವರೇ ಕರೆದು ಹೇಳುತ್ತಾರೆ ಅಂದುಕೊಳ್ಳುತ್ತೇವೆ. ಕರೆಯುವುದಿಲ್ಲ. ಚೀಟಿಯಲ್ಲಿ ಹೇಳಿ ಆಗಿರುತ್ತದೆ.

ನಾನೀಗ ದಾವಣಗೆರೆಯಲ್ಲಿ ಅಮ್ಮನ ಮನೆಯಲ್ಲಿದ್ದೇನೆ. ವಿದ್ಯಾನಗರದಿಂದ, ಚಳ್ಳಕೆರೆಯಿಂದ, ಚಿತ್ರದುರ್ಗದಿಂದ ಹೊರಡುತ್ತಿರುವ ಕುಟುಂಬಗಳು ಫೋನ್ ಮಾಡುತ್ತಿವೆ. ನನ್ನ ಇಬ್ಬರು ಮಕ್ಕಳೂ ಅಲ್ಲಿ ಕಿಂಡರ್‌ಗಾರ್ಟನ್‌ನಿಂದ ಐದನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆಯಲ್ಲೇ ಓದಿದವರು. ಗೊತ್ತಿರುವುದನ್ನೆಲ್ಲಾ ಒಂದೇ ಕಡೆ ಬರೆದುಬಿಡುತ್ತೇನೆ.

ಕಾಗದಪತ್ರ ಬೇಗ ಮುಗಿಸೋಣ. ಜನನ ಪ್ರಮಾಣಪತ್ರ (ಇಂಗ್ಲಿಷ್‌ನಲ್ಲೂ ಇರಬೇಕು), ಪಾಸ್‌ಪೋರ್ಟ್, ಬಾಡಿಗೆ ಕರಾರು, ಇಲ್ಲಿನ ಶಾಲೆಯ ಟಿಸಿ ಮತ್ತು ಮಾರ್ಕ್ಸ್ ಕಾರ್ಡ್, ಲಸಿಕೆ ಕಾರ್ಡ್. ಡೊನೇಷನ್ ಇಲ್ಲ, ಶಿಫಾರಸು ಇಲ್ಲ. ಸಾಮಾನ್ಯವಾಗಿ ನಿಮ್ಮ ಮನೆ ಯಾವ ಶಾಲೆಯ ವ್ಯಾಪ್ತಿಗೆ ಬರುತ್ತದೋ ಆ ಶಾಲೆಗೇ ಸೀಟು. ಹಾಗಾಗಿ ಮನೆ ಹುಡುಕುವ ಮೊದಲೇ ಶಾಲೆ ನೋಡಿ. ಯಾವ ವೀಸಾ ಎಂದು ಕೇಳಿ ಮಗುವನ್ನು ವಾಪಸ್ ಕಳಿಸುವಂತಿಲ್ಲ, 1982ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ.

ಲಸಿಕೆ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲಿ. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಒಂಬತ್ತು ತಿಂಗಳು ತುಂಬಿದ ಮೇಲೆ ಎಂಆರ್ ಹಾಕುತ್ತಾರೆ, ಅಂದರೆ ದಡಾರ ಮತ್ತು ರುಬೆಲ್ಲಾಗೆ. ಅಲ್ಲಿ ಕೇಳುವುದು ಎಂಎಂಆರ್, ಅದರಲ್ಲಿ ಮಂಗನಬಾವಿನ ಲಸಿಕೆಯೂ ಸೇರಿರಬೇಕು. ವರ್ಷ ತುಂಬುವ ಮೊದಲು ಹಾಕಿದ ಡೋಸ್ ಅವರ ಲೆಕ್ಕಕ್ಕೆ ಬರುವುದಿಲ್ಲ. ಚಿಕನ್‌ಪಾಕ್ಸ್ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲೇ ಇಲ್ಲ, ಅಲ್ಲಿ ಅದನ್ನೂ ಕೇಳುತ್ತಾರೆ. ಹೊರಡುವ ಎರಡು ಮೂರು ತಿಂಗಳ ಮೊದಲೇ ಇಲ್ಲಿನ ಮಕ್ಕಳ ಡಾಕ್ಟರ ಹತ್ತಿರ ಕೂತು ಲೆಕ್ಕ ಹಾಕಿ, ಬಾಕಿ ಇರುವುದನ್ನು ಹಾಕಿಸಿ, ತಾರೀಖು ಸ್ಪಷ್ಟವಾಗಿ ಬರೆಸಿ, ಸೀಲು ಹಾಕಿಸಿಕೊಳ್ಳಿ. ಇನ್ನೊಂದು, ನಮ್ಮ ಮಕ್ಕಳಿಗೆ ಹುಟ್ಟಿದಾಗಲೇ ಬಿಸಿಜಿ ಆಗಿರುತ್ತದೆ. ಅದರಿಂದ ಚರ್ಮದ ಮೇಲೆ ಮಾಡುವ ಟಿಬಿ ಪರೀಕ್ಷೆ ಪಾಸಿಟಿವ್ ಬರಬಹುದು. ರಕ್ತದ ಪರೀಕ್ಷೆಗೆ ಬಿಸಿಜಿಯಿಂದ ತೊಂದರೆ ಇಲ್ಲ. ಟಿಬಿ ಪರೀಕ್ಷೆ ಕೇಳಿದರೆ ರಕ್ತದ್ದೇ ಮಾಡಿ ಎಂದು ಕೇಳಿ.

ಮುಂದಿನ ವರ್ಷದ ಕಿಂಡರ್‌ಗಾರ್ಟನ್‌ಗೆ ಹೆಸರು ಬರೆಸುವುದೂ ಈ ತಿಂಗಳುಗಳಲ್ಲೇ. ಬಹಳಷ್ಟು ರಾಜ್ಯಗಳಲ್ಲಿ ಸೆಪ್ಟೆಂಬರ್ 1ರ ಆಸುಪಾಸಿಗೆ ಐದು ವರ್ಷ ತುಂಬಿರಬೇಕು. ಅಲ್ಲಿ ವಯಸ್ಸು ನೋಡಿ ಕ್ಲಾಸು ಕೊಡುತ್ತಾರೆ, ಮಾರ್ಕ್ಸ್ ನೋಡಿ ಅಲ್ಲ. ಇಲ್ಲಿ ಯುಕೆಜಿ ಮುಗಿಸಿ ಏಪ್ರಿಲ್‌ನಲ್ಲಿ ಹೋದ ಮಗುವನ್ನು ಉಳಿದ ಒಂದೆರಡು ತಿಂಗಳು ಕಿಂಡರ್‌ಗಾರ್ಟನ್‌ನಲ್ಲೇ ಕೂರಿಸಬಹುದು. ನಮ್ಮ ಮಗು ಆಗಲೇ ಮಗ್ಗಿ ಹೇಳುತ್ತದೆ, ಒಂದನೇ ಕ್ಲಾಸಿಗೆ ಹಾಕಿ ಎಂದು ಆಫೀಸಿನಲ್ಲಿ ಜಗಳಕ್ಕೆ ನಿಲ್ಲಬೇಡಿ. ಆ ಎರಡು ತಿಂಗಳಲ್ಲಿ ಮಗು ಸಾಲಿನಲ್ಲಿ ನಿಲ್ಲುವುದು, ಬಾತ್‌ರೂಮಿಗೆ ಕೇಳಿ ಹೋಗುವುದು, ಪಕ್ಕದವರ ಹೆಸರು ಕಲಿಯುವುದು ಇಷ್ಟನ್ನು ಮಾಡಿಕೊಂಡರೆ ಆಗಸ್ಟ್‌ನಲ್ಲಿ ಎಷ್ಟೋ ಹಗುರ.

ಸೇರಿಸುವಾಗ ಒಂದು ಹಾಳೆ ಕೊಡುತ್ತಾರೆ. ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ, ಮಗು ಮೊದಲು ಕಲಿತ ಭಾಷೆ ಯಾವುದು ಎಂಬ ಪ್ರಶ್ನೆಗಳಿರುತ್ತವೆ. ದಯವಿಟ್ಟು ಕನ್ನಡ ಎಂದೇ ಬರೆಯಿರಿ. ನಮ್ಮವರಲ್ಲಿ ಇಂಗ್ಲಿಷ್ ಎಂದು ಬರೆಯುವವರೇ ಜಾಸ್ತಿ. ಯಾರೋ ಹೇಳಿರುತ್ತಾರೆ, ಕನ್ನಡ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ, ಬೇರೆ ಕೂರಿಸುತ್ತಾರೆ ಅಂತ. ಪರೀಕ್ಷೆ ಮಾಡುವುದು ನಿಜ. ಅದರಲ್ಲಿ ಇಂಗ್ಲಿಷ್ ಸಾಲದು ಎಂದು ಕಂಡರೆ ಸಹಾಯ ಕೊಡುತ್ತಾರೆ, ವರ್ಷಕ್ಕೊಮ್ಮೆ ಮತ್ತೆ ನೋಡುತ್ತಾರೆ. ಆ ಪರೀಕ್ಷೆಯೂ ಚಳಿಗಾಲದ ಕೊನೆಗೋ ವಸಂತದಲ್ಲೋ ಬರುತ್ತದೆ. ಅಷ್ಟು ಮಟ್ಟ ಮುಟ್ಟಿದ ಮೇಲೆ ಪಟ್ಟಿಯಿಂದ ತೆಗೆಯುತ್ತಾರೆ. ಇದು ದಡ್ಡರ ಪಟ್ಟಿಯಲ್ಲ. ಸುಳ್ಳು ಬರೆದರೆ ನಿಜವಾಗಿ ಸಹಾಯ ಬೇಕಾದ ಮಗುವಿಗೆ ಅದು ಸಿಗದೆ ಹೋಗುತ್ತದೆ. ಅದಕ್ಕಿಂತ ನನಗೆ ಸಂಕಟ ಆಗುವುದು ಬೇರೆ ಕಾರಣಕ್ಕೆ. ಮಗು ಪಕ್ಕದಲ್ಲೇ ನಿಂತಿರುತ್ತದೆ. ಹಾಳೆ ಮೇಲೆ ಅಪ್ಪ-ಅಮ್ಮ ಕನ್ನಡದ ಹೆಸರೆತ್ತಲಿಲ್ಲ ಎಂಬುದು ಅದಕ್ಕೆ ಅರ್ಥವಾಗುತ್ತದೆ. ಮುಂದೆ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಮಗು ಇಂಗ್ಲಿಷ್‌ನಲ್ಲಿ ಉತ್ತರ ಕೊಟ್ಟಾಗ ಬೇಜಾರು ಮಾಡಿಕೊಳ್ಳುತ್ತೇವೆ. ಅದು ಶುರುವಾಗುವುದು ಇಂಥ ಕಡೆಯೇ ಅಲ್ವಾ?

ನಿಮಗೇ ಇಂಗ್ಲಿಷ್ ಕಷ್ಟವಾದರೆ, ಅಥವಾ ಅಜ್ಜ-ಅಜ್ಜಿ ಮಗುವನ್ನು ನೋಡಿಕೊಳ್ಳುತ್ತಿದ್ದರೆ, ದುಭಾಷಿ ಬೇಕು ಎಂದು ಕೇಳಬಹುದು. ಅದಕ್ಕೆ ದುಡ್ಡು ತೆಗೆದುಕೊಳ್ಳುವಂತಿಲ್ಲ. ಕೇಳುವುದಕ್ಕೆ ನಾಚಿಕೆ ಬೇಡ.

ಗಡಿಯಾರದ ಮಾತು. ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. 2026ರಲ್ಲಿ ಅದು ಮಾರ್ಚ್ 8. ಹವಾಯಿ ಮತ್ತು ಅರಿಜೋನಾದ ಹೆಚ್ಚಿನ ಭಾಗದಲ್ಲಿ ಮಾತ್ರ ಈ ಪದ್ಧತಿ ಇಲ್ಲ. ಸೋಮವಾರ ಮಗು ಏಳುವುದಿಲ್ಲ, ಹಾಗಾಗಿ ಎರಡು ಮೂರು ದಿನ ಮೊದಲಿಂದಲೇ ಬೇಗ ಮಲಗಿಸಿ. ಊರಿಗೂ ಹೇಳಿಡಿ. ಟೆಕ್ಸಾಸ್‌ನಿಂದ ರಾತ್ರಿ ಎಂಟಕ್ಕೆ ಫೋನ್ ಮಾಡಿದರೆ ಅಲ್ಲಿಯವರೆಗೆ ದಾವಣಗೆರೆಯಲ್ಲಿ ಬೆಳಗ್ಗೆ ಏಳೂವರೆ ಆಗಿರುತ್ತಿತ್ತು, ಇನ್ನು ಮೇಲೆ ಆರೂವರೆ. ಅಜ್ಜಿ ಇನ್ನೂ ಬಾಗಿಲಿಗೆ ನೀರು ಹಾಕುತ್ತಿರುತ್ತಾರೆ.

ಊಟದ ಡಬ್ಬಿ. ನಮ್ಮ ಕಡೆಯವರಿಗೆ ಇದು ದೊಡ್ಡ ವಿಷಯ, ಯಾಕೆಂದರೆ ನಮ್ಮದು ಶೇಂಗಾ ಸೀಮೆ. ಚಳ್ಳಕೆರೆ ಎಣ್ಣೆ, ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ, ಪಲ್ಯಕ್ಕೂ ಶೇಂಗಾ ಪುಡಿ. ಅಲ್ಲಿ ಕೆಲವು ಮಕ್ಕಳಿಗೆ ಶೇಂಗಾ ಒಂದು ಕಾಳು ತಾಗಿದರೂ ಉಸಿರು ಕಟ್ಟುತ್ತದೆ, ಇದು ನಿಜವಾದ ಪ್ರಾಣಾಪಾಯ. ಹಾಗಾಗಿ ಹಲವು ಶಾಲೆಗಳಲ್ಲಿ ಶೇಂಗಾ ತರುವಂತಿಲ್ಲ, ಕೆಲವು ಕಡೆ ತಂದವರು ಬೇರೆ ಟೇಬಲ್‌ನಲ್ಲಿ ಕೂರಬೇಕು. ಎಳ್ಳು ಕೂಡ 2023ರಿಂದ ಪ್ಯಾಕೆಟ್‌ಗಳ ಮೇಲೆ ಅಲರ್ಜಿ ಪದಾರ್ಥ ಎಂದು ಬರೆಯಲೇಬೇಕಾದ ಪಟ್ಟಿಗೆ ಸೇರಿದೆ. ನಿಮ್ಮ ಶಾಲೆಯ ನಿಯಮ ಏನು ಎಂದು ಮೊದಲ ವಾರವೇ ಕೇಳಿ. ಡಬ್ಬಿಯಲ್ಲಿರುವುದನ್ನು ಗೆಳೆಯರಿಗೆ ಹಂಚಬೇಡ ಎಂದು ಮಗುವಿಗೂ ಹೇಳಿ, ಹಂಚಿ ತಿನ್ನು ಎಂದು ನಾವೇ ಕಲಿಸಿರುತ್ತೇವೆ, ಪಾಪ ಅದಕ್ಕೆ ಗೊಂದಲ. ಹುಟ್ಟುಹಬ್ಬಕ್ಕೆ ಇಡೀ ಕ್ಲಾಸಿಗೆ ಚಾಕೊಲೇಟ್ ಹಂಚುವ ನಮ್ಮ ಪದ್ಧತಿಗೂ ಅಲ್ಲಿ ಕೇಳಿಯೇ ಮುಂದುವರಿಯಬೇಕು. ಒಪ್ಪುವ ಕಡೆಯೂ ಸಾಮಾನ್ಯವಾಗಿ ಅಂಗಡಿಯಿಂದ ತಂದ, ಏನೇನು ಹಾಕಿದ್ದಾರೆ ಎಂದು ಬರೆದಿರುವ ಪ್ಯಾಕೆಟ್ಟೇ ಆಗಬೇಕು.

ಸಂಜೆ ಡಬ್ಬಿ ತೆರೆದರೆ ಚಪಾತಿ ಸುರುಳಿ ಸುತ್ತಿದ ಹಾಗೇ ಇದೆ, ಒಂದು ತುದಿ ಮಾತ್ರ ಕಚ್ಚಿದೆ, ಪಲ್ಯದ ಎಣ್ಣೆ ಮುಚ್ಚಳಕ್ಕೆ ಹತ್ತಿ ಗಟ್ಟಿಯಾಗಿದೆ. ಇದು ಪ್ರತಿ ಮನೆಯಲ್ಲೂ ಆಗುತ್ತದೆ. ಬೈಯಬೇಡಿ. ಊಟಕ್ಕೆ ಸಿಗುವುದೇ ಇಪ್ಪತ್ತು-ಇಪ್ಪತ್ತೈದು ನಿಮಿಷ, ಅದರಲ್ಲಿ ಸಾಲು, ಕೈ ತೊಳೆಯುವುದು, ಮಾತು. ಪಕ್ಕದ ಮಗು ಮೂಗು ಮುಚ್ಚಿಕೊಂಡಿತಾ ಎಂದು ಮೆಲ್ಲಗೆ ಕೇಳಿ. ಹಾಗಾಗಿದ್ದರೆ ಟೀಚರ್‌ಗೆ ಹೇಳಿ, ಬಹಳಷ್ಟು ಟೀಚರ್‌ಗಳು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಸುಮ್ನೆ ಬ್ರೆಡ್ಡು-ಜಾಮಿಗೆ ಬದಲಾಯಿಸುವುದು ಸುಲಭ. ಆದರೆ ಒಮ್ಮೆ ಬದಲಾಯಿಸಿದರೆ ಮಗು ಮನೆಯಲ್ಲೂ ರೊಟ್ಟಿ ಬೇಡ ಅನ್ನುತ್ತದೆ, ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಜ್ವರ ಬಂದರೆ ಸಿರಪ್ ಕುಡಿಸಿ ಶಾಲೆಗೆ ಕಳಿಸುವ ರೂಢಿ ಬಿಡಿ. ಔಷಧಿ ಇಲ್ಲದೆ 24 ಗಂಟೆ ಜ್ವರ ಇರಬಾರದು ಎನ್ನುವುದು ಸಾಮಾನ್ಯ ನಿಯಮ. ಕೆಮ್ಮಿನ ಔಷಧಿಯನ್ನೂ ಬ್ಯಾಗಿನಲ್ಲಿ ಇಟ್ಟು ಕಳಿಸಬೇಡಿ, ಅದು ನರ್ಸ್ ಮೂಲಕ, ಫಾರಂ ತುಂಬಿಯೇ ಹೋಗಬೇಕು. ವಸಂತದಲ್ಲಿ ಮರಗಳ ಪರಾಗದಿಂದ ಕಣ್ಣು ತುರಿಕೆ, ಸೀನು ಶುರುವಾಗುತ್ತದೆ. ನಮ್ಮೂರಿನ ಧೂಳಿಗೆ ಜಗ್ಗದ ಮಕ್ಕಳೂ ಎರಡನೇ ಮೂರನೇ ವರ್ಷಕ್ಕೆ ಇದಕ್ಕೆ ಸಿಗುತ್ತಾರೆ. ಡಾಕ್ಟರ್‌ಗೆ ತೋರಿಸಿ.

ಟೀಚರ್ ಜೊತೆ ಭೇಟಿ ಇದ್ದರೆ ತಪ್ಪಿಸಬೇಡಿ. ಹದಿನೈದು ಇಪ್ಪತ್ತು ನಿಮಿಷ ಅಷ್ಟೇ, ಸಮಯ ಮೊದಲೇ ಗುರುತು ಮಾಡಿಕೊಳ್ಳಬೇಕು, ಇಬ್ಬರೂ ಹೋಗಿ. ನಾವು ಕೇಳುವ ಮೊದಲ ಪ್ರಶ್ನೆ ರ‍್ಯಾಂಕ್ ಎಷ್ಟು ಅಂತ. ಅಲ್ಲಿ ರ‍್ಯಾಂಕ್ ಇಲ್ಲ. ತುಂಬಾ ಚೆನ್ನಾಗಿ ಮಾಡುತ್ತಿದ್ದಾನೆ ಎಂದು ಅವರು ಹೇಳುತ್ತಾರೆ, ನಾವು ಖುಷಿಯಾಗಿ ಎದ್ದು ಬರುತ್ತೇವೆ. ಅದರ ಬದಲು, ಓದುವುದು ಯಾವ ಮಟ್ಟದಲ್ಲಿದೆ, ಆಟದ ಹೊತ್ತಿನಲ್ಲಿ ಯಾರ ಜೊತೆ ಇರುತ್ತಾನೆ, ಕೈ ಎತ್ತಿ ಮಾತಾಡುತ್ತಾನಾ ಎಂದು ಕೇಳಿ. ನಮ್ಮ ಮಗಳ ಕ್ಲಾಸಿನಲ್ಲಿ ಹೀಗೇ ಕೂತಿದ್ದಾಗ ಟೀಚರ್ ಗೋಡೆಯ ಮೇಲಿನ ಒಂದು ಚಿತ್ರ ತೋರಿಸಿದರು. ನಮ್ಮ ಮನೆ ಬರೆಯಿರಿ ಎಂದಿದ್ದರಂತೆ. ನಾವಿದ್ದ ಅಪಾರ್ಟ್‌ಮೆಂಟ್ ಅದರಲ್ಲಿ ಇರಲಿಲ್ಲ. ದಾವಣಗೆರೆ ಮನೆಯ ಕಟ್ಟೆ, ಕಟ್ಟೆ ಮೇಲೆ ಪಂಚೆ ಉಟ್ಟ ಅಜ್ಜ, ಮೆಟ್ಟಿಲ ಕೆಳಗೆ ಸಾಲು ಸಾಲು ಚಪ್ಪಲಿ. ಇಷ್ಟೊಂದು ಚಪ್ಪಲಿ ಯಾರದ್ದು ಎಂದು ಟೀಚರ್ ಕೇಳಿದರು. ಬಂದವರದ್ದು ಎಂದೆ. ಆ ಹದಿನೈದು ನಿಮಿಷದಲ್ಲಿ ಲೆಕ್ಕದ ಮಾತೇ ಬರಲಿಲ್ಲ, ಆದರೆ ಅವತ್ತಿನಿಂದ ಆ ಟೀಚರ್‌ಗೆ ನನ್ನ ಮಗಳು ಯಾರೆಂದು ಗೊತ್ತಾಯಿತು.

ಮೂರನೇ ಕ್ಲಾಸಿನಿಂದ ಓದು ಮತ್ತು ಗಣಿತಕ್ಕೆ ರಾಜ್ಯದ ಪರೀಕ್ಷೆ ಇರುತ್ತದೆ, ಹೆಚ್ಚಾಗಿ ಏಪ್ರಿಲ್-ಮೇನಲ್ಲಿ. ಅದಕ್ಕೆ ಟ್ಯೂಷನ್ ಹುಡುಕಬೇಡಿ. ಬೇಗ ಮಲಗಿಸಿ, ತಿಂಡಿ ತಿನ್ನಿಸಿ ಕಳಿಸಿ, ಆ ದಿನಗಳಲ್ಲಿ ರಜೆ ಹಾಕಿಸಬೇಡಿ.

ರಜೆ ಎಂದಾಗ ಊರಿನ ಮಾತು ಬಂದೇ ಬರುತ್ತದೆ. ಸ್ಪ್ರಿಂಗ್ ಬ್ರೇಕ್ ಎಂದು ಒಂದು ವಾರ ಕೊಡುತ್ತಾರೆ, ಒಂದೊಂದು ಕಡೆ ಒಂದೊಂದು ವಾರ. ಯುಗಾದಿ ಅದಕ್ಕೆ ಹೊಂದುವುದು ಅಪರೂಪ. 2026ರ ಯುಗಾದಿ ಮಾರ್ಚ್ 19, ಗುರುವಾರ. ಧಾರ್ಮಿಕ ಹಬ್ಬಕ್ಕೆ ಎಂದು ಮೊದಲೇ ಬರೆದು ಕೊಟ್ಟರೆ ಬಹಳಷ್ಟು ಶಾಲೆಗಳು ಒಪ್ಪುತ್ತವೆ. ಆದರೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ನಾಯಕನಹಟ್ಟಿ ತೇರು ಇದೆ, ತಮ್ಮನ ಮದುವೆ ಏಪ್ರಿಲ್‌ನಲ್ಲಿ ಎಂದು ಮೂರು ವಾರ ಶಾಲೆ ಬಿಡಿಸಿದರೆ ತೊಂದರೆ. ವರ್ಷಕ್ಕೆ ಸುಮಾರು 180 ದಿನ ಶಾಲೆ, ಅದರಲ್ಲಿ ನೂರಕ್ಕೆ ಹತ್ತರಷ್ಟು ತಪ್ಪಿದರೆ, ಅಂದರೆ 18 ದಿನ, ಮಗುವಿನ ಹೆಸರು ಗೈರುಹಾಜರಿ ಪಟ್ಟಿಗೆ ಹೋಗುತ್ತದೆ. ಕೆಲವು ಕಡೆ ಸತತವಾಗಿ ಹೆಚ್ಚು ದಿನ ಬರದಿದ್ದರೆ ಹೆಸರೇ ತೆಗೆದು, ವಾಪಸ್ ಬಂದ ಮೇಲೆ ಮತ್ತೆ ಸೇರಿಸಿಕೊಳ್ಳುತ್ತಾರೆ. ಹೋಗಲೇಬೇಕಾದರೆ ಹೋಗಿ, ಕೆಲವು ಮದುವೆ, ಕೆಲವು ಸಾವು ತಪ್ಪಿಸುವಂಥದ್ದಲ್ಲ. ಆದರೆ ಟಿಕೆಟ್ ಮಾಡಿಸುವ ಮೊದಲೇ ಶಾಲೆಗೆ ಹೇಳಿ. ಹುಷಾರಿಲ್ಲ ಎಂದು ಸುಳ್ಳು ಹೇಳಬೇಡಿ. ಮಗು ಬಂದವಳೇ ಆನೆ ನೋಡಿದೆ, ತೇರು ಎಳೆದೆ ಎಂದು ಕ್ಲಾಸಿನಲ್ಲಿ ಹೇಳುತ್ತಾಳೆ.

ನಿಜವಾಗಿ ಕಳೆದುಕೊಳ್ಳುವುದು ಎಲ್ಲಿ ಗೊತ್ತಾ? ಏಪ್ರಿಲ್-ಮೇನಲ್ಲಿ ದಾವಣಗೆರೆ ಮನೆ ತುಂಬಾ ಮಕ್ಕಳು. ಅಣ್ಣನ ಮಕ್ಕಳು, ಅಕ್ಕನ ಮಕ್ಕಳು, ಮಾವಿನಹಣ್ಣಿನ ಬುಟ್ಟಿ, ಮಾಳಿಗೆ ಮೇಲೆ ಸಾಲಾಗಿ ಹಾಸಿಗೆ. ನಮ್ಮ ಮಕ್ಕಳು ಬರುವುದು ಜೂನ್‌ನಲ್ಲಿ. ಆಗ ಅವರೆಲ್ಲಾ ಹೊಸ ಯೂನಿಫಾರಂ ಹಾಕಿಕೊಂಡು ಶಾಲೆಗೆ ಹೋಗಿರುತ್ತಾರೆ. ನಮ್ಮವರು ಸಂಜೆ ನಾಲ್ಕರವರೆಗೆ ಟಿವಿ ಮುಂದೆ ಕೂತು, ಬೋರ್ ಆಗ್ತಿದೆ, ಯಾವಾಗ ವಾಪಸ್ ಹೋಗೋದು ಅಂತಾರೆ. ಅಜ್ಜಿ ಅದನ್ನು ಕೇಳಿಸಿಕೊಳ್ಳುತ್ತಾರೆ. ನಾವು ಚಿಕ್ಕವರಿದ್ದಾಗ ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳನ್ನು ಬೇರೆಯವರು ಅಂದುಕೊಂಡವರೇ ಅಲ್ಲ. ನಮ್ಮ ಮಕ್ಕಳಿಗೆ ಅವರು ಫೋಟೋದಲ್ಲಿರುವವರು. ಇದಕ್ಕೆ ಪೂರ್ತಿ ಪರಿಹಾರ ನನಗೆ ಸಿಕ್ಕಿಲ್ಲ. ಶಾಲೆ ಮೇನಲ್ಲೇ ಮುಗಿಯುವ ಊರಿನಲ್ಲಿದ್ದರೆ ಮರುದಿನವೇ ಹೊರಡಿ, ಇಲ್ಲಿನ ಶಾಲೆ ಶುರುವಾಗುವ ಮೊದಲು ಒಂದೆರಡು ದಿನವಾದರೂ ಸಿಗುತ್ತದೆ. ಪರಿಚಯದ ಹೆಡ್‌ಮಾಸ್ತರ್ ಒಪ್ಪಿದರೆ ಮಗುವನ್ನು ಅದರ ಅಣ್ಣಂದಿರ ಜೊತೆ ಶಾಲೆಗೇ ಕಳಿಸಿ ಕೂರಿಸಿ. ನಮ್ಮ ಮಗ ಹಾಗೆ ಹೋಗಿ ಕೂತಿದ್ದ, ಪ್ರಾರ್ಥನೆಗೆ ನಿಂತ, ಮೇಷ್ಟ್ರಿಗೆ ಎದ್ದು ನಿಂತು ನಮಸ್ತೆ ಹೇಳಿದ. ಇವತ್ತಿಗೂ ಅವನು ಫೋನ್ ಮಾಡುವುದು ಆ ಬೆಂಚಿನವರಿಗೇ.

ಕೆಲವು ಶಾಲೆಗಳು ವಸಂತದಲ್ಲಿ ಎಲ್ಲ ದೇಶದವರ ಸಂಜೆ ಎಂದು ಇಡುತ್ತವೆ. ಇಂಡಿಯಾ ಟೇಬಲ್‌ಗೆ ತಾಜ್‌ಮಹಲ್ ಚಿತ್ರ, ಸಮೋಸ ಸಾಮಾನ್ಯ. ನೀವು ಚಿತ್ರದುರ್ಗದ ಕೋಟೆ ಇಡಿ. ಏಳು ಸುತ್ತಿನ ಕೋಟೆ, ಕಿಂಡಿಯಲ್ಲಿ ನುಗ್ಗುವ ಹೈದರನ ಸೈನಿಕರು, ಒನಕೆ ಹಿಡಿದು ಕಾದ ಓಬವ್ವ. ಎರಡನೇ ಕ್ಲಾಸಿನ ಮಕ್ಕಳು ಈ ಕಥೆಗೆ ಉಸಿರು ಬಿಗಿಹಿಡಿದು ಕೂರುತ್ತಾರೆ. ಕಥೆಯನ್ನು ನೀವಲ್ಲ, ನಿಮ್ಮ ಮಗುವೇ ಹೇಳಲಿ. ತಿನ್ನಲು ಕೊಡಬಹುದು ಎಂದರೆ ಶೇಂಗಾ ಹಾಕದ ಮಂಡಕ್ಕಿ ಸಾಕು.

ಸಹಾಯಕ್ಕೆ ಬರುತ್ತೇವೆ ಎಂದು ಹೆಸರು ಕೊಡಿ. ಪಿಕ್ನಿಕ್‌ಗೆ ಮಕ್ಕಳ ಜೊತೆ ಹೋಗಬೇಕೆಂದರೆ ಹಲವು ಕಡೆ ನಿಮ್ಮ ಹಿನ್ನೆಲೆ ಪರಿಶೀಲನೆ ಆಗಬೇಕು, ಅದಕ್ಕೆ ವಾರಗಳೇ ಹಿಡಿಯಬಹುದು, ಮಾರ್ಚ್‌ನಲ್ಲೇ ಅರ್ಜಿ ಹಾಕಿ. ಮೇ ಮೊದಲ ಪೂರ್ತಿ ವಾರ ಟೀಚರ್‌ಗಳಿಗೆ ಕೃತಜ್ಞತೆ ಹೇಳುವ ವಾರ. ದುಬಾರಿ ಉಡುಗೊರೆ ಬೇಡ, ಮಿತಿಯೂ ಇರುತ್ತದೆ. ಮಗು ಕೈಯಾರೆ ಬರೆದ ಕಾಗದ ಕೊಡಿ, ಕೆಳಗೆ ತನ್ನ ಹೆಸರನ್ನು ಕನ್ನಡದಲ್ಲೂ ಬರೆಯಲಿ.

ಜಾಕೆಟ್ಟು, ನೀರಿನ ಬಾಟಲಿ, ಡಬ್ಬಿ ಎಲ್ಲದರ ಮೇಲೂ ಹೆಸರು ಬರೆಯಿರಿ. ಬೆಳಗ್ಗೆ ಚಳಿ, ಮಧ್ಯಾಹ್ನ ಸೆಕೆ, ಮಕ್ಕಳು ಬಿಚ್ಚಿ ಅಲ್ಲೇ ಬಿಟ್ಟು ಬರುತ್ತಾರೆ. ಸಿಕ್ಕಿದ್ದನ್ನೆಲ್ಲಾ ಒಂದು ಕಡೆ ರಾಶಿ ಹಾಕಿರುತ್ತಾರೆ, ವರ್ಷದ ಕೊನೆಗೆ ಅದನ್ನು ದಾನ ಕೊಟ್ಟುಬಿಡುವುದೇ ಹೆಚ್ಚು. ಲೈಬ್ರರಿ ಪುಸ್ತಕ ಮಂಚದ ಕೆಳಗೆ ಹುಡುಕಿ ವಾಪಸ್ ಮಾಡಿ. ಬೇಸಿಗೆಯಲ್ಲಿ ಮನೆ ಬದಲಾಯಿಸುವವರು ಊರಿಗೆ ಹೊರಡುವ ಮೊದಲೇ ಹೊಸ ವಿಳಾಸ ಶಾಲೆಗೆ ಕೊಟ್ಟು ಬನ್ನಿ, ಇಲ್ಲಿ ಕೂತು ಆ ಕೆಲಸ ಮಾಡುವುದು ಕಷ್ಟ, ಅಲ್ಲಿ ಆಫೀಸು ತೆರೆಯುವ ಹೊತ್ತಿಗೆ ಇಲ್ಲಿ ಸಂಜೆಯೋ ರಾತ್ರಿಯೋ ಆಗಿರುತ್ತದೆ.