ಅಟ್ಟದ ಮೇಲಿನ ಹಳೆಯ ಚೈನ್‌ಸಾ: ಗುರುತು ಹಿಡಿಯುವುದು, ಮತ್ತೆ ಓಡಿಸುವುದು

ಮಲೆನಾಡು, ಕೊಡಗಿನ ತೋಟದ ಮನೆಗಳಲ್ಲಿ ಅಟ್ಟದ ಮೇಲೋ ಗೋದಾಮಿನ ಮೂಲೆಯಲ್ಲೋ ಗೋಣಿಚೀಲ ಸುತ್ತಿಟ್ಟ ಹಳೆಯ ಚೈನ್‌ಸಾ ಸಿಗುತ್ತದೆ. ಸಿಕ್ಕ ಕೂಡಲೇ ಯಾರಾದರೂ ಅಂಗಳಕ್ಕೆ ತಂದು, ಪೆಟ್ರೋಲ್ ಸುರಿದು, ಹಗ್ಗ ಎಳೆಯುತ್ತಾರೆ. ದಯವಿಟ್ಟು ಎಳೆಯಬೇಡಿ. ಇಪ್ಪತ್ತು ಮೂವತ್ತು ವರ್ಷ ಸುಮ್ಮನೆ ಕೂತ ಎಂಜಿನ್ನಿನಲ್ಲಿ ರಬ್ಬರ್ ಸೀಲ್‌ಗಳು ಕಲ್ಲಾಗಿರುತ್ತವೆ. ಆ ಸಂದಿಯಿಂದ ಗಾಳಿ ಒಳಗೆ ಹೋಗಿ ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಬರುವುದೂ ಆ ಪೆಟ್ರೋಲ್ ಜೊತೆಗೇ. ಹಾಗಾಗಿ ಅದೃಷ್ಟವಶಾತ್ ಸ್ಟಾರ್ಟ್ ಆದರೂ ಜೋರಾಗಿ ಓಡಿಸಿದ ಸ್ವಲ್ಪ ಹೊತ್ತಿಗೇ ಪಿಸ್ಟನ್ ಸೀಜ್ ಆಗುವ (ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುವ) ಸಾಧ್ಯತೆ ಇದೆ. ಇಷ್ಟು ವರ್ಷ ಉಳಿದು ಬಂದದ್ದು ಅಲ್ಲಿಗೆ ಮುಗಿಯಿತು. ಸ್ಟಾರ್ಟ್ ಮಾಡುವುದು ಈ ಕೆಲಸದ ಕಟ್ಟಕಡೆಯ ಹೆಜ್ಜೆ.

ಯಾವ ಮಾಡೆಲ್?

ಮಾಡೆಲ್ ಗೊತ್ತಿಲ್ಲದೆ ಬಿಡಿಭಾಗ ಸಿಗುವುದಿಲ್ಲ. ಸ್ಟಿಕ್ಕರ್ ಹೋಗಿರುತ್ತದೆ, ಕವರ್ ಬೇರೆ ಗರಗಸದ್ದಾಗಿರಬಹುದು, ಬಣ್ಣವನ್ನಂತೂ ನಂಬುವ ಹಾಗಿಲ್ಲ. ಲೋಹದಲ್ಲೇ ಎರಕವಾಗಿ ಮೂಡಿರುವ ಸಂಖ್ಯೆಯನ್ನು ನಂಬಿ. ಸೀಮೆಎಣ್ಣೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕ್ರ್ಯಾಂಕ್‌ಕೇಸ್ (ಸಿಲಿಂಡರಿನ ಕೆಳಗಿನ ಎರಕದ ಪೆಟ್ಟಿಗೆ), ಸ್ಟಾರ್ಟರ್ ಕವರ್, ಹಿಡಿಕೆಯ ಒಳಮೈ ತೊಳೆದು ಟಾರ್ಚ್ ಬೆಳಕನ್ನು ಓರೆಯಾಗಿ ಹಿಡಿಯಿರಿ.

ಸ್ಟಿಲ್ ಕಂಪನಿಯ ಗರಗಸವಾದರೆ ನಾಲ್ಕು, ಮೂರು, ನಾಲ್ಕು ಅಂಕಿಗಳ ಗುಂಪು ಕಾಣುತ್ತದೆ. ಮೊದಲ ನಾಲ್ಕು ಅಂಕಿ ಮಾಡೆಲ್‌ನ ಕುಟುಂಬ: 1106 ಎಂದರೆ 070 ಮತ್ತು 090, 1108 ಎಂದರೆ 08, 1110 ಎಂದರೆ 040 ಮತ್ತು 041, 1111 ಎಂದರೆ 051 ಮತ್ತು 076ರ ಸಾಲು, 1119 ಎಂದರೆ 038, 1122 ಎಂದರೆ 064 ಮತ್ತು 066. ಒಂದೇ ಭಾಗದ ಸಂಖ್ಯೆ ನೋಡಿ ತೀರ್ಮಾನಿಸಬೇಡಿ. ಕಂಪನಿಯೇ ಒಂದು ಮಾಡೆಲ್‌ನ ಭಾಗವನ್ನು ಇನ್ನೊಂದಕ್ಕೆ ಬಳಸಿರುತ್ತದೆ, 1108 ಅಂತೂ ಹಲವು ಗರಗಸಗಳಲ್ಲಿ ಇಣುಕುತ್ತದೆ. ಮೂರು ನಾಲ್ಕು ದೊಡ್ಡ ಭಾಗಗಳಲ್ಲಿ ಒಂದೇ ಸಂಖ್ಯೆ ಸಿಕ್ಕರೆ ಅದೇ ಸರಿ. ‘ಮೇಡ್ ಇನ್ ವೆಸ್ಟ್ ಜರ್ಮನಿ’ ಎಂದಿದ್ದರೆ ಅದು 1990ರಲ್ಲಿ ಜರ್ಮನಿ ಒಂದಾಗುವ ಮುಂಚಿನ ತಯಾರಿ. ಹಸ್ಕ್‌ವರ್ನಾದ 266, 272ರಂಥ ಹಳೆಯ ಮಾಡೆಲ್‌ಗಳಲ್ಲಿ ಕೊನೆಯ ಎರಡಂಕಿಯೇ ಹೆಚ್ಚುಕಡಿಮೆ ಸಿಸಿ.

ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಇಲ್ಲದೆಯೇ ಹತ್ತು ಕಿಲೋ ದಾಟುವ ಭಾರಿ ಗರಗಸವಾದರೆ 070 ಇರಬಹುದು. 070 ಮತ್ತು 090 ಎರಡಕ್ಕೂ 1106 ಇರುವುದರಿಂದ ಪಿಸ್ಟನ್ ಅಳೆದೇ ತಿಳಿಯಬೇಕು. ಎರಡರ ಸ್ಟ್ರೋಕೂ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 40 ಮಿ.ಮೀ., ಬೋರ್ (ಸಿಲಿಂಡರಿನ ಒಳವ್ಯಾಸ) ಮಾತ್ರ 070ಕ್ಕೆ 58 ಮಿ.ಮೀ., 090ಕ್ಕೆ 66 ಮಿ.ಮೀ. ಲೆಕ್ಕ ಯಾವ ಎಂಜಿನ್ನಿಗಾದರೂ ಒಂದೇ: ಬೋರ್, ಸ್ಟ್ರೋಕ್ ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆದು, ಬೋರನ್ನು ಅದರಿಂದಲೇ ಗುಣಿಸಿ, ಸ್ಟ್ರೋಕ್‌ನಿಂದ ಗುಣಿಸಿ, 0.785ರಿಂದ ಗುಣಿಸಿ. 070ಕ್ಕೆ ಸುಮಾರು 106 ಸಿಸಿ, 090ಕ್ಕೆ 137 ಬರುತ್ತದೆ. 070ರ ಚೀನೀ ನಕಲುಗಳು ಈಗ ಬೇಕಾದಷ್ಟಿವೆ. ಎರಕದ ಅಕ್ಷರ ಮೊಂಡಾಗಿದ್ದರೆ, ಅಥವಾ ಸಂಖ್ಯೆಯೇ ಇಲ್ಲದಿದ್ದರೆ ಅನುಮಾನ ಪಡಿ. ನಕಲಿನ ಭಾಗಗಳು ಅಸಲಿಗೆ ಬಹಳಷ್ಟು ಹೊಂದುತ್ತವೆ ಎಂಬುದು ಮಾತ್ರ ಅನುಕೂಲವೇ.

ತೆರೆದು ನೋಡುವುದು

ಮೊದಲು ಪ್ಲಗ್ ಬಿಚ್ಚಿ, ಆಮೇಲೆ ಸೈಲೆನ್ಸರ್. ಸೈಲೆನ್ಸರಿನ ಬಾಯಲ್ಲಿ, ಕಾರ್ಬೊರೇಟರ್ ದಾರಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದು ನಮ್ಮ ಕಡೆ ಮಾಮೂಲು. ಒಣಗಿದ ಆ ಮಣ್ಣು ಒಂದು ಚಿಟಿಕೆ ಸಿಲಿಂಡರಿಗೆ ಬಿದ್ದರೂ ಅರದಂತೆ ಉಜ್ಜುತ್ತದೆ. ಎಂಜಿನ್ನನ್ನು ಬೋರಲಾಗಿ ಹಿಡಿದು, ಪಿಸ್ಟನ್ ಸೈಲೆನ್ಸರ್ ಕಿಂಡಿಯನ್ನು ಮುಚ್ಚಿರುವಾಗ ಕೆರೆದು ತೆಗೆಯಿರಿ.

ಆ ಕಿಂಡಿಯಿಂದ ಪಿಸ್ಟನ್ನಿನ ಮೈ ಕಾಣುತ್ತದೆ. ತಿಳಿ ಬೂದು, ನುಣುಪು, ಪಿಸ್ಟನ್ನಿನ ರಿಂಗ್ ಬೆರಳಿಂದ ಒತ್ತಿದಾಗ ಸ್ವಲ್ಪ ಸ್ಪ್ರಿಂಗ್‌ನಂತೆ ಬಗ್ಗಿದರೆ ಒಳ್ಳೆಯದು. ಸೈಲೆನ್ಸರ್ ಬದಿಯಲ್ಲಿ ಮಾತ್ರ ಉದ್ದುದ್ದ ಗೀರಿದ್ದರೆ ಹಿಂದೊಮ್ಮೆ ಆಯಿಲ್ ಕಡಿಮೆಯಾಗಿಯೋ ಗಾಳಿ ಎಳೆದೋ ಕಾದಿದೆ. ಕಾರ್ಬೊರೇಟರ್ ಬದಿಯಲ್ಲಿ ಸವೆದು ಮಂಕಾಗಿದ್ದರೆ ಏರ್ ಫಿಲ್ಟರ್ ಹರಿದು ಧೂಳು ಹೋಗಿದೆ. ಈ ಎರಡನ್ನು ಬೇರೆ ಮಾಡಿ ತಿಳಿಯದೆ ಹೊಸ ಪಿಸ್ಟನ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಪಿಸ್ಟನ್ ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಎಂಜಿನ್ ಆಯಿಲ್ ಸಮಸಮ ಬೆರೆಸಿ ಪ್ಲಗ್ ತೂತಿನಿಂದ ಎರಡು ಚಮಚ ಬಿಟ್ಟು ಎರಡು ಮೂರು ದಿನ ಕಾಯಿರಿ. ಸುತ್ತಿಗೆ ಬೇಡ. ತಿರುಗಲು ಶುರುವಾದ ಮೇಲೆ ಫ್ಲೈವೀಲನ್ನು ಕೈಯಲ್ಲಿ ನಿಧಾನ ತಿರುಗಿಸಿ. ಮರಳು ಅರೆದಂತೆ ಕೈಗೆ ತಿಳಿದರೆ ಬೇರಿಂಗ್ ತುಕ್ಕು ಹಿಡಿದಿದೆ. ಅದಕ್ಕೆ ಕ್ರ್ಯಾಂಕ್‌ಕೇಸ್ ಬಿಚ್ಚಬೇಕು, ಪ್ರೆಸ್ ಬೇಕು. ಆ ಕೆಲಸವನ್ನು ವರ್ಕ್‌ಶಾಪಿಗೆ ಬಿಡಿ.

ಒಂದು ಎಚ್ಚರಿಕೆ. ತುಕ್ಕು ಬಿಡಿಸಲು ವಿನೆಗರ್, ನಿಂಬೆ ರಸ, ಆಸಿಡ್‌ನಲ್ಲಿ ನೆನೆಸಿ ಎಂದು ಹೇಳುವವರಿದ್ದಾರೆ. ಈ ಗರಗಸಗಳ ಕ್ರ್ಯಾಂಕ್‌ಕೇಸ್ ಬಹುಪಾಲು ಮೆಗ್ನೀಸಿಯಮ್ ಮಿಶ್ರಲೋಹ. ಹುಳಿ ಅದನ್ನು ತಿಂದುಹಾಕುತ್ತದೆ. ಪೆಟ್ರೋಲ್ ಟ್ಯಾಂಕ್ ತೊಳೆಯಲೂ ಸೀಮೆಎಣ್ಣೆಯೇ ಸಾಕು. ಮೆಗ್ನೀಸಿಯಮ್ ಪುಡಿಗೆ ಬೆಂಕಿ ಹತ್ತಿದರೆ ನೀರಿನಿಂದ ಆರುವುದಿಲ್ಲ, ಅದಕ್ಕೇ ಗ್ರೈಂಡರನ್ನೂ ದೂರವಿಡಿ.

ಗಾಳಿ ಸೋರುತ್ತಿದೆಯೇ?

ಹೆಚ್ಚಿನವರು ಬಿಡುವ ಪರೀಕ್ಷೆ ಇದು. ಇದಕ್ಕೆ ಬೇಕಾದ ಸಾಮಾನು ಬಿ.ಪಿ. ನೋಡುವ ಹಳೆಯ ಉಪಕರಣದಲ್ಲೇ ಇದೆ: ರಬ್ಬರ್ ಬಲ್ಬ್ ಮತ್ತು ಮೀಟರ್.

ಸೈಕಲ್ ಟ್ಯೂಬಿನ ತುಂಡನ್ನು ಸೈಲೆನ್ಸರ್ ಮತ್ತು ಸಿಲಿಂಡರ್ ನಡುವೆ ಇಟ್ಟು ಬೋಲ್ಟ್ ಬಿಗಿಯಿರಿ. ಕಾರ್ಬೊರೇಟರ್ ಬದಿಗೂ ಹಾಗೆಯೇ. ಹಳೆಯ ಪ್ಲಗ್ ಒಂದರ ಪಿಂಗಾಣಿ ಒಡೆದು ತೆಗೆದು, ಆ ತೂತಿಗೆ ಸಣ್ಣ ಪೈಪನ್ನು ಎಂ-ಸೀಲ್ ಹಾಕಿ ಕೂರಿಸಿ, ಒಣಗಿದ ಮೇಲೆ ಪ್ಲಗ್ ಜಾಗಕ್ಕೆ ತಿರುಗಿಸಿ, ಬಲ್ಬಿನ ಟ್ಯೂಬ್ ಸಿಕ್ಕಿಸಿ. ಸಿಲಿಂಡರ್ ಮತ್ತು ಕ್ರ್ಯಾಂಕ್‌ಕೇಸ್ ಒಂದಕ್ಕೊಂದು ತೆರೆದಿರಲು ಪಿಸ್ಟನ್ ಪೂರ್ತಿ ಕೆಳಗಿರಲಿ. ಮೀಟರ್ 300 ಮುಟ್ಟುವ ತನಕ ಒತ್ತಿ. 300 ಮಿ.ಮೀ. ಪಾದರಸ ಎಂದರೆ 0.4 ಬಾರ್, ಪರೀಕ್ಷೆಗೆ ಅಷ್ಟು ಸಾಕು. ಮುಳ್ಳು ಅರ್ಧ ನಿಮಿಷ ನಿಂತಲ್ಲೇ ನಿಲ್ಲಬೇಕು. ಇಳಿದರೆ ಸೋಪಿನ ನೀರನ್ನು ಬ್ರಷ್‌ನಿಂದ ಹಚ್ಚುತ್ತಾ ಬನ್ನಿ: ಫ್ಲೈವೀಲ್ ಹಿಂದಿನ ಸೀಲ್, ಕ್ಲಚ್ ಹಿಂದಿನ ಸೀಲ್, ಸಿಲಿಂಡರ್ ಬುಡದ ಗ್ಯಾಸ್ಕೆಟ್, ಕಾರ್ಬೊರೇಟರಿನ ರಬ್ಬರ್ ಕೊಳವೆ. ಸೀಲಿನ ತುಟಿಯಲ್ಲಿ ಸಾಸಿವೆಯಷ್ಟು ಗುಳ್ಳೆ ಒಂದರ ಹಿಂದೊಂದು ಏಳುವುದು ಕಂಡರೆ ಕಾರಣ ಸಿಕ್ಕಿತು. ಕೆಲವು ಸೀಲ್‌ಗಳು ಒತ್ತಡಕ್ಕೆ ತಡೆದು ನಿಂತು ಎಳೆತಕ್ಕೆ ಸೋರುತ್ತವೆ. ಹ್ಯಾಂಡ್ ವ್ಯಾಕ್ಯೂಮ್ ಪಂಪ್ ಸಿಕ್ಕರೆ ಅದರಿಂದಲೂ ನೋಡಿ.

ಸೀಲ್ ತಲುಪಲು ಕ್ಲಚ್ ಬಿಚ್ಚಬೇಕು. ಬಹುತೇಕ ಚೈನ್‌ಸಾಗಳಲ್ಲಿ ಕ್ಲಚ್‌ಗೆ ಉಲ್ಟಾ ಥ್ರೆಡ್ ಇರುತ್ತದೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲ. ಅದರ ಮೇಲೆ ಬಾಣದ ಗುರುತಿದೆಯೇ ನೋಡಿ. ಎಂಜಿನ್ ತಿರುಗದಂತೆ ತಡೆಯಲು ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿ, ಸ್ಕ್ರೂಡ್ರೈವರ್ ಅಲ್ಲ. ಪಿಸ್ಟನ್ ಮೇಲೆ ಬಂದು ಕಿಂಡಿ ಮುಚ್ಚಿದ ಮೇಲೆಯೇ ಹಗ್ಗ ಹಾಕಬೇಕು, ಇಲ್ಲದಿದ್ದರೆ ಅದು ಕಿಂಡಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆ. ಹಳೆಯ ಸೀಲಿನ ಮೇಲೆ ಸಾಮಾನ್ಯವಾಗಿ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರೂ ಅಚ್ಚಾಗಿರುತ್ತದೆ. ಆ ಅಳತೆ ಹಿಡಿದು ಬೇರಿಂಗ್ ಅಂಗಡಿಯಲ್ಲಿ ಕೇಳಿ, ಬಿಸಿ, ಪೆಟ್ರೋಲ್ ತಾಳುವ ವೈಟನ್ ರಬ್ಬರಿನದೇ ಕೊಳ್ಳಿ. ಸ್ಪ್ರಿಂಗ್ ಇರುವ ಮುಖ ಎಂಜಿನ್ ಒಳಕ್ಕೆ. ತುಟಿಗೆ ಗ್ರೀಸ್ ಹಚ್ಚಿ, ಸರಿಯಾದ ಅಗಲದ ಪೈಪ್ ತುಂಡಿನಿಂದ ನೇರ ಒತ್ತಿ.

ಸ್ಪಾರ್ಕ್

ಹಳೆಯ ಗರಗಸದಲ್ಲಿ ಫ್ಲೈವೀಲ್ ಕೆಳಗೆ ಕಾಂಟ್ಯಾಕ್ಟ್ ಪಾಯಿಂಟ್ (ತೆರೆದು ಮುಚ್ಚಿ ಸ್ಪಾರ್ಕ್ ಹುಟ್ಟಿಸುವ ಸಣ್ಣ ಸ್ವಿಚ್) ಇರುತ್ತದೆ. ಸ್ಪಾರ್ಕ್ ಬರದಿದ್ದರೆ ಕಾಯಿಲ್ ಸುಟ್ಟಿದೆ ಎಂದುಕೊಳ್ಳುವ ಮೊದಲು ಅದನ್ನು ನೋಡಿ. ಮಳೆಗಾಲಗಳ ತೇವಕ್ಕೆ ಪಾಯಿಂಟ್ ಮೇಲೆ ತೆಳ್ಳನೆಯ ಬೂದು ಪೊರೆ ಕಟ್ಟಿರುತ್ತದೆ. ನಯವಾದ ಎಮರಿ ಪೇಪರ್ ಎರಡು ಸಲ ಎಳೆದು, ಪುಡಿ ಉಳಿಯದಂತೆ ಬಿಳಿ ದಪ್ಪ ಕಾಗದದ ಚೂರೊಂದನ್ನು ನಡುವೆ ಹಾಕಿ ಎಳೆಯಿರಿ. ಕಾಗದ ಬೆಳ್ಳಗೆ ಹೊರಬರುವ ತನಕ ಮಾಡಿ. ಪಾಯಿಂಟ್ ಪೂರ್ತಿ ತೆರೆದಾಗ ಅಂತರ 0.35ರಿಂದ 0.40 ಮಿ.ಮೀ., ಪ್ಲಗ್ ಅಂತರ 0.5. ಇಷ್ಟಾದರೂ ಕಿಡಿ ಹಳದಿಯಾಗಿ ಸೊರಗಿ, ಪಾಯಿಂಟ್ ನಡುವೆಯೇ ನೀಲಿ ಬೆಳಕು ಹಾರಿದರೆ ಕಂಡೆನ್ಸರ್ ಹೋಗಿದೆ. ಕಿಡಿ ನೋಡುವಾಗ ಪ್ಲಗ್ಗನ್ನು ಸಿಲಿಂಡರಿನ ತೂತಿನಿಂದ ದೂರ ಹಿಡಿಯಿರಿ, ಒಳಗಿನ ಆವಿಗೆ ಬೆಂಕಿ ಹತ್ತಬಹುದು.

ಕಾರ್ಬೊರೇಟರ್, ಪೆಟ್ರೋಲ್

ಕಾರ್ಬೊರೇಟರಿನೊಳಗಿನ ತೆಳು ಪೊರೆ, ಅಂದರೆ ಡಯಾಫ್ರಂ, ಒಣಗಿ ಹಪ್ಪಳದಂತೆ ಸದ್ದು ಮಾಡಿದರೆ ಕಿಟ್ ಪೂರ್ತಿ ಬದಲಿಸಿ, ಅರ್ಧ ಹಳತು ಅರ್ಧ ಹೊಸತು ಬೇಡ. ಬಿಚ್ಚುವಾಗ ಪ್ರತಿ ಪದರದ ಫೋಟೊ ತೆಗೆಯಿರಿ, ಡಯಾಫ್ರಂ ಮತ್ತು ಗ್ಯಾಸ್ಕೆಟ್ ಅದಲುಬದಲಾದರೆ ಗರಗಸ ಸರಿಯಾಗಿ ಓಡುವುದಿಲ್ಲ. ಸೂಕ್ಷ್ಮ ತೂತುಗಳಿಗೆ ತಂತಿ ತುರುಕಬೇಡಿ, ಗಾಳಿ ಊದಿ. ಟ್ಯಾಂಕಿನೊಳಗಿನ ರಬ್ಬರ್ ಪೈಪ್ ಮತ್ತು ಫಿಲ್ಟರ್ ಹೇಗೇ ಕಾಣಲಿ, ಬದಲಿಸಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾ ಎಥೆನಾಲ್ ಇದೆ. ಆ ಕಾಲದ ರಬ್ಬರ್ ಅದಕ್ಕೆ ಮಾಡಿದ್ದಲ್ಲ, ಉಬ್ಬಿ ಮೆತ್ತಗಾಗುತ್ತದೆ. ಎಥೆನಾಲ್ ನಮ್ಮ ಮಳೆಗಾಲದ ಗಾಳಿಯ ನೀರನ್ನೂ ಹೀರುತ್ತದೆ. ಎರಡು ಮೂರು ವಾರಕ್ಕೆ ಬೇಕಾದಷ್ಟೇ ಬೆರೆಸಿ, ಕೆಲಸ ಮುಗಿದಾಗ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ.

ಸಾಮಾನ್ಯ ಟೂ-ಟಿ ಆಯಿಲ್ ಆದರೆ ಹಳೆಯ ಗರಗಸಕ್ಕೆ 1:25, ಅಂದರೆ ಲೀಟರಿಗೆ 40 ಮಿ.ಲೀ. ಕಂಪನಿಯ 1:50 ಆಯಿಲ್ ಬಳಸಿದರೆ 20 ಮಿ.ಲೀ. ರಿಪೇರಿ ಆದ ಮೇಲಿನ ಮೊದಲ ಕೆಲವು ಟ್ಯಾಂಕ್ ಯಾವ ಆಯಿಲ್ ಆದರೂ 40 ಇರಲಿ. ಹೊಗೆ ಬಂದರೆ ಬರಲಿ.

ಚೈನ್ ಮತ್ತು ಬಾರ್

ಹೊಸ ಚೈನ್ ತರುವ ಮೊದಲು ಹಳೆಯದರ ಪಿಚ್ (ಕೊಂಡಿಗಳ ಅಂತರದ ಅಳತೆ) ಅಳೆಯಿರಿ. ಸಾಲಾಗಿ ಮೂರು ರಿವೆಟ್ ಹಿಡಿದು, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ 20.5 ಮಿ.ಮೀ. ಬಂದರೆ .404 ಇಂಚಿನ ಪಿಚ್, 18.6 ಬಂದರೆ 3/8, 16.5 ಬಂದರೆ .325. ಹರಿತ ಮಾಡುವ ಉರುಟು ಅರ ಕ್ರಮವಾಗಿ 5.5, 5.2, 4.8 ಮಿ.ಮೀ. ಬಾರಿನ ಸೀಳಿಗೆ ಕೂರುವ ಭಾಗದ ದಪ್ಪವೂ ಹೊಂದಬೇಕು, 070ರಂಥ ದೊಡ್ಡ ಗರಗಸಕ್ಕೆ ಸಾಮಾನ್ಯವಾಗಿ 1.6 ಮಿ.ಮೀ. ಚೈನ್ ತಿರುಗಿಸುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್‌ನ ಹಲ್ಲಿನಲ್ಲಿ ಅರ್ಧ ಮಿಲಿಮೀಟರ್ ಗುಂಡಿ ಬಿದ್ದಿದ್ದರೆ ಅದನ್ನೂ ಬದಲಿಸಿ, ಇಲ್ಲವೇ ಹೊಸ ಚೈನ್ ಬೇಗ ಹಾಳು. ಚೈನಿಗೆ ಬೈಕಿನಿಂದ ಬಸಿದ ಹಳೆಯ ಆಯಿಲ್ ಹಾಕುವ ರೂಢಿ ಬಿಡಿ. ಅದರ ಲೋಹದ ಪುಡಿ ಆಯಿಲ್ ಪಂಪನ್ನು ಸವೆಸುತ್ತದೆ, ಚರ್ಮಕ್ಕೂ ಕೆಟ್ಟದ್ದು.

ಕೊನೆಗೆ ಸ್ಟಾರ್ಟ್

ಕಾರ್ಬೊರೇಟರಿನ ಎಚ್ (ಜೋರು ವೇಗದ) ಮತ್ತು ಎಲ್ (ನಿಧಾನ ವೇಗದ) ಸ್ಕ್ರೂಗಳನ್ನು ಮೆಲ್ಲಗೆ ತಾಗುವ ತನಕ ಮುಚ್ಚಿ, ಒಂದೊಂದು ಸುತ್ತು ತೆರೆಯಿರಿ. ಗರಗಸ ನೆಲದ ಮೇಲಿರಲಿ, ಹಿಂದಿನ ಹಿಡಿಕೆ ಬೂಟಿನ ಕೆಳಗೆ. ಸ್ಟಾರ್ಟ್ ಆದ ಮೇಲೆ ಐದು ನಿಮಿಷ ಬರೀ ಐಡಲ್‌ನಲ್ಲಿ ಬಿಡಿ. ಆಮೇಲೆ ಗರಗಸವನ್ನು ಎಡಕ್ಕೆ, ಬಲಕ್ಕೆ, ಮೂತಿ ಕೆಳಗಾಗಿ ವಾಲಿಸಿ. ವಾಲಿಸಿದಾಗ ವೇಗ ಏರಿದರೆ, ಅಥವಾ ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ ಇಳಿಯಲು ಸತಾಯಿಸಿದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಆಗಲೇ ಆಫ್ ಮಾಡಿ ಸೀಲ್‌ಗಳಿಗೆ ಹಿಂದಿರುಗಿ. ಸ್ಕ್ರೂ ತಿರುಗಿಸಿ ಅದನ್ನು ಮುಚ್ಚಿಹಾಕಬಾರದು.

ಎಲ್ಲ ಸರಿಯಿದ್ದರೆ ಎರಡು ಮೂರು ಸೆಕೆಂಡ್ ಫುಲ್ ಕೊಟ್ಟು ಕಿವಿಗೊಡಿ. ಕೀರಲು ದನಿ ಬಂದರೆ ಮಿಶ್ರಣ ತೆಳು, ಎಚ್ ಸ್ಕ್ರೂ ತೆರೆಯಿರಿ. ದನಿ ಸ್ವಲ್ಪ ಒರಟಾಗಿ, ಗೊಗ್ಗರಾಗಿ ಇದ್ದು, ಮರಕ್ಕೆ ಕಚ್ಚಿಸಿದ ಕೂಡಲೇ ತಿಳಿಯಾದರೆ ಅದೇ ಸರಿಯಾದ ಜಾಗ. ನಾಲ್ಕೈದು ಕೊಯ್ತದ ನಂತರ ಪ್ಲಗ್ ಬಿಚ್ಚಿ ನೋಡಿ: ಕಾಫಿ ಪುಡಿಯ ಕಂದು ಇರಬೇಕು. ಬೆಳ್ಳಗಿದ್ದರೆ ಇನ್ನೂ ತೆಳು, ಕಪ್ಪು ಮಸಿ ಹಸಿಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ.

ಹೊಸ ಬಣ್ಣ ಬಳಿಯುವುದು ನಮಗೆ ಸರಿ ಕಾಣುವುದಿಲ್ಲ. ಹಿಡಿಕೆಯಲ್ಲಿ ಕೈ ಉಜ್ಜಿ ಸವೆದ ಜಾಗ, ಮಾಡೆಲ್ ಪ್ಲೇಟ್ ಇದ್ದಂತೆಯೇ ಇರಲಿ, ಮನೆಯ ಹಿರಿಯರ ಗುರುತು ಅಲ್ಲೇ ಇದೆ. ಆದರೆ 1970ರ ಆಸುಪಾಸಿನ ಗರಗಸಗಳಲ್ಲಿ ಹಲವಕ್ಕೆ ಚೈನ್ ಬ್ರೇಕ್ ಇಲ್ಲ. ಬಾರಿನ ಮೂತಿಯ ಮೇಲ್ತುದಿ ಮರಕ್ಕೆ ತಾಗಿದರೆ ಗರಗಸ ಮುಖಕ್ಕೆ ಹಾರುತ್ತದೆ, ತಡೆಯಲು ಏನೂ ಇರುವುದಿಲ್ಲ. ಅಂಥದ್ದನ್ನು ನೆಲದಲ್ಲಿ ಉರುಳಿದ ದಿಮ್ಮಿ ತುಂಡು ಮಾಡಲು ಮಾತ್ರ ಬಳಸಿ. ಸಿಲ್ವರ್ ಓಕ್ ಏರಿ ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮಾಡಲು ಯಾರ ಕೈಗೂ ಕೊಡಬೇಡಿ.