ಹೂಳೆತ್ತುವುದನ್ನು ಬಿಟ್ಟ ಮೇಲೆ ಕೆರೆ ತುಂಬಿತು: ನನ್ನ ಅನುಭವ

"ಹೂಳು ತೆಗೆಯದೆ ಕೆರೆ ತುಂಬಲ್ಲ" ಅಂತ ಅರಸೀಕೆರೆ ಸೀಮೆಯಲ್ಲಿ ನಮಗೆ ಬುದ್ಧಿ ಹೇಳದವರೇ ಇಲ್ಲ. 2024ರ ಚಿತ್ತೆ ಮಳೆಗೆ ನಮ್ಮೂರ ಕೆರೆ ಕೋಡಿ ಬಿತ್ತು. ಮುಕ್ಕಾಲು ಪಾಲು ಹೂಳು ಈಗಲೂ ಒಳಗೇ ಇದೆ.

ನಮ್ಮದು ಭಾನುವಾರ ಸೇರುವ, ಸಂಬಳವಿಲ್ಲದ ಗುಂಪು. 2017ರ ಸುಮಾರಿಗೆ ತೆಂಗಿನ ತೋಟಗಳು ಒಣಗಿದಾಗ ಕಟ್ಟಿಕೊಂಡದ್ದು. ಚಂದಾ ಎತ್ತಿದ ನಾಲ್ಕು, ನಾಲ್ಕೂವರೆ ಲಕ್ಷ ಜೆಸಿಬಿ ಬಾಡಿಗೆಗೇ ಹೋಯಿತು. ಆ ಹೂಳಿನ ಗೋಡುಮಣ್ಣು ಹೊಡೆದುಕೊಂಡವರ ಹೊಲ ಚೆನ್ನಾಯಿತು, ಕೆರೆಗೆ ನೀರು ಮಾತ್ರ ಬರಲಿಲ್ಲ.

ಆಮೇಲೆ ಗ್ರಾಮ ನಕಾಶೆ ತೆಗೆಸಿ, ಹಳ್ಳ ಹಿಡಿದು ಗುಡ್ಡದ ತನಕ ನಡೆದೆವು. ನಕಾಶೆಯಲ್ಲಿದ್ದ ಕಾಲುವೆ ನೆಲದ ಮೇಲೆ ಅರ್ಧಕ್ಕರ್ಧ ಇಲ್ಲ. ಒಂದು ಕಡೆ ರಾಗಿ ಹೊಲ. ಇನ್ನೊಂದು ಕಡೆ ರಸ್ತೆ ಮೋರಿ ಹಳ್ಳಕ್ಕಿಂತ ಅಡಿ ಎತ್ತರ. ಮಿಕ್ಕಲ್ಲೆಲ್ಲ ಬಳ್ಳಾರಿ ಜಾಲಿ. ಆ ಕಾಲುವೆಯನ್ನು ಬಿಡಿಸುವುದೇ ಕೆಲಸ ಅಂತ ಅವತ್ತೇ ನಿಶ್ಚಯವಾಯಿತು. ಇದಕ್ಕೆ ಆದ ಒಟ್ಟು ಖರ್ಚು ಎರಡು ಲಕ್ಷ ದಾಟಿಲ್ಲ. ಹೊಲದವರಿಂದ ಜಾಗ ಬಿಡಿಸಿದ್ದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಪಕ್ಕದೂರಲ್ಲಿ ಅದೇ ಮಾತುಕತೆ ಇನ್ನೂ ನಡೆದಿದೆ. ಕೋರ್ಟು, ಪೊಲೀಸು ಬೇಕಾಗಲಿಲ್ಲ ಅಂತಷ್ಟೇ ಹೇಳಬಲ್ಲೆ.

ಗುಡ್ಡದ ತುಂಬ ಟ್ರೆಂಚ್, ಅಂದರೆ ನೀರು ಇಂಗಿಸುವ ಗುಂಡಿಸಾಲು, ಹೊಡೆಯಿರಿ ಅಂತ ಒತ್ತಾಯ ಬಹಳ ಇತ್ತು. ಮಳೆ ಕಮ್ಮಿಯಿರುವ ನಮ್ಮ ಕಡೆ ಎಲ್ಲ ನೀರನ್ನೂ ಮೇಲೇ ಇಂಗಿಸಿದರೆ ಕೆರೆಗೆ ಏನು ಉಳಿಯುತ್ತದೆ? ನಾವು ಹಳ್ಳಕ್ಕೆ ಅಡ್ಡಲಾಗಿ, ಗಾರೆಯಿಲ್ಲದೆ ಕಲ್ಲು ಜೋಡಿಸಿದ ತಡೆ ಮಾತ್ರ ಕಟ್ಟಿದೆವು. ಮಣ್ಣು ನಿಲ್ಲಬೇಕು, ನೀರು ಮುಂದೆ ಹೋಗಬೇಕು. 2022ರ ಮಳೆಗೆ ಅವುಗಳಲ್ಲಿ ಬಹುಪಾಲು ಕೊಚ್ಚಿಹೋದವು. ನೀರು ನಡುವೆ ಹರಿಯದೆ ಪಕ್ಕದ ದಡ ಕೊರೆದಿತ್ತು. ನಡು ಒಂದು ಗೇಣು ತಗ್ಗಿಸಿ, ಎರಡೂ ದಡದೊಳಕ್ಕೆ ಒಂದೂವರೆ ಅಡಿ ಕಲ್ಲು ಹುಗಿದು, ಕೆಳಗಿನ ತಡೆಯ ತಲೆ ಮೇಲಿನದರ ಬುಡದ ಮಟ್ಟಕ್ಕೆ ಬರುವಂತೆ ಮತ್ತೆ ಕಟ್ಟಿದೆವು. ಆಮೇಲೆ ಒಂದೂ ಅಲ್ಲಾಡಿಲ್ಲ. ಇಂಜಿನಿಯರ್ ಒಬ್ಬರು ಬಂದು ಅಳತೆ ಬರೆದುಕೊಂಡು ಹೋದರು.

ಈ ಮಧ್ಯೆ ಬೀಜದುಂಡೆಯನ್ನೂ (ಮಣ್ಣಿನಲ್ಲಿ ಬೀಜ ಸೇರಿಸಿ ಕಟ್ಟಿದ ಉಂಡೆ) ಎಸೆದು ನೋಡಿದೆವು. ಇರುವೆ, ಕುರಿ ಎರಡೂ ಸೇರಿ ಮುಗಿಸಿದವು. ಕಾಲುವೆ ಅಂಚಿಗೆ ಲಾವಂಚ ನೆಟ್ಟೆವು. 2023ರ ಬರಕ್ಕೆ ಅದೂ ಒಣಗಿತು, ಕಲ್ಲುತಡೆಯ ಹಿಂದೆ ಮಣ್ಣು ನಿಂತ ಜಾಗದಲ್ಲಿ ಮಾತ್ರ ಹಸಿರಾಗಿತ್ತು. ಈಗ ನೆಡುವುದಾದರೆ ತಡೆ ಕಟ್ಟಿ, ಒಂದು ಮಳೆಗಾಲ ಬಿಟ್ಟು, ಅಲ್ಲೇ ನೆಡುತ್ತೇವೆ. ಉಳಿದ ಅಂಚಿಗೆ ಕತ್ತಾಳೆ ಸಾಕು. ನೀರು ಕೇಳುವುದಿಲ್ಲ, ದನ ಮುಟ್ಟುವುದಿಲ್ಲ, ಒತ್ತುವರಿಗೂ ಗಡಿಯಾಗಿ ನಿಲ್ಲುತ್ತದೆ.

ಈಗ ಕೆರೆಯ ನೀರು ಹೊರಬಿಡುವ ತೂಬು ಸೋರುತ್ತಿದೆ. ಹಳೇ ಕಲ್ಲಿನ ತೂಬನ್ನು ಕಿತ್ತುಹಾಕಿ ಸಿಮೆಂಟ್ ಪೈಪು ಕೂರಿಸಲು ನಮಗೆ ಮನಸ್ಸಿಲ್ಲ. ಬಿಚ್ಚದೆ ದುರಸ್ತಿ ಮಾಡಿದವರು ಕಡೂರು, ಬೇಲೂರು ಕಡೆ ಯಾರಾದರೂ ಇದ್ದರೆ ತಿಳಿಸಿ, ಯುಗಾದಿಯೊಳಗೆ ಬಂದು ನೋಡುತ್ತೇವೆ.