ಸ್ಪೋರ್ಟ್ಸ್ ಕಾರಿಗೆ ಹಿಂದಿನ ಟೈರ್ ಕೊಳ್ಳುವ ಮುಂಚೆ ಒಮ್ಮೆ ಬಗ್ಗಿ ನೋಡಿ

ಹೊರಗಿಂದ ನೋಡಿದರೆ ನನ್ನ ಕಾರಿನ ಹಿಂದಿನ ಟೈರ್ ಚೆನ್ನಾಗಿಯೇ ಇತ್ತು. ನೋಡಿದವರೆಲ್ಲ ಇನ್ನೂ ಒಂದು ವರ್ಷ ಓಡುತ್ತದೆ ಬಿಡಿ ಅಂದಿದ್ದರು. ಒಂದು ಸಂಜೆ ಜಿಟಿಜಿಟಿ ಮಳೆಯಲ್ಲಿ ಚಾಮುಂಡಿ ಬೆಟ್ಟ ಇಳಿಯುತ್ತಿದ್ದೆ. ತಿರುವಿನಲ್ಲಿ ಚೂರೇ ಚೂರು ಆಕ್ಸಿಲರೇಟರ್ ಒತ್ತಿದೆ, ಕಾರಿನ ಹಿಂಭಾಗ ನನ್ನನ್ನು ಕೇಳದೆ ಪಕ್ಕಕ್ಕೆ ಹೊರಟಿತು. ವೇಗ ಕಡಿಮೆ ಇತ್ತು, ಬಚಾವಾದೆ. ಮನೆಗೆ ಬಂದು ಮೊಬೈಲ್ ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿದರೆ ಒಳಗಡೆ ಅಂಚು ಪೂರ್ತಿ ಬೋಳು. ಎರಡು ಬೆರಳಗಲ ನುಣ್ಣಗೆ, ಕೊಬ್ಬರಿ ಚಿಪ್ಪು ಉಜ್ಜಿದ ಹಾಗೆ.

ನನ್ನದು ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಜೆಡ್4, ಇ89 ಮಾಡೆಲ್. ಎಂಜಿನ್ ಮುಂದಿದ್ದರೂ ಅದರ ಶಕ್ತಿಯೆಲ್ಲ ಹಿಂದಿನ ಎರಡು ಟೈರ್ ಮೂಲಕವೇ ರಸ್ತೆಗೆ ಇಳಿಯಬೇಕು. ಜೊತೆಗೆ ತಿರುವಿನಲ್ಲಿ ಹಿಡಿತ ಸಿಗಲಿ ಅಂತ ಚಕ್ರದ ಮೇಲ್ಭಾಗವನ್ನು ಸ್ವಲ್ಪ ಒಳಕ್ಕೆ ವಾಲಿಸಿ ಕೂರಿಸಿರುತ್ತಾರೆ, ಅದೇ ನೆಗೆಟಿವ್ ಕ್ಯಾಂಬರ್. ನೇರ ರಸ್ತೆಯಲ್ಲಿ ಹೋಗುವಾಗ ಭಾರ ಒಳ ಅಂಚಿನ ಮೇಲೆ ಜಾಸ್ತಿ ಬೀಳುತ್ತದೆ. ಟೋ, ಅಂದರೆ ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಅದೂ ತಪ್ಪಿದ್ದರಂತೂ ಆ ಅಂಚು ಬೇಗ ಬೇಗ ಸವೆಯುತ್ತದೆ, ನಮಗೆ ಕಾಣುವುದೇ ಇಲ್ಲ. ಹಾಗಾಗಿ ಟೈರ್ ಬದಲಿಸಬೇಕಾ ಬೇಡವಾ ಅಂತ ಹೊರಗಿನ ಮುಖ ನೋಡಿ ತೀರ್ಮಾನಿಸಬೇಡಿ.

ಟೈರಿನ ಬಟನ್, ಅಂದರೆ ರಸ್ತೆಗೆ ತಾಗುವ ರಬ್ಬರ್ ಕಟ್ಟುಗಳು, ಅವುಗಳ ನಡುವಿನ ಗೆರೆಗಳಲ್ಲಿ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದೆ, ಅದರ ಎತ್ತರ 1.6 ಮಿ.ಮೀ. ಬಟನ್ ಅದರ ಮಟ್ಟಕ್ಕೆ ಇಳಿದರೆ ಟೈರ್ ಮುಗಿಯಿತು. ಆದರೆ ಇಂಥ ಕಾರಿನ ಅಗಲವಾದ ಟೈರು ನೀರಿನ ಮೇಲೆ ತೇಲುವುದು ಬೇಗ, ಆದ್ದರಿಂದ 3 ಮಿ.ಮೀ.ಗೆ ಬಂದಾಗಲೇ, ಅದರಲ್ಲೂ ಜೂನ್ ಮಳೆ ಶುರುವಾಗುವ ಮುಂಚೆಯೇ ಬದಲಿಸಿಬಿಡುವುದು ವಾಸಿ ಅಂತ ನನ್ನ ಅಭಿಪ್ರಾಯ. ಮಂಡ್ಯ ಕಡೆ ಕಬ್ಬಿನ ಗಾಡಿ ಓಡಾಡಿ ಕೆಸರಾದ ರಸ್ತೆ ಸಿಕ್ಕರೆ ನೀವೂ ಹೀಗೇ ಅನ್ನುತ್ತೀರಿ.

ಈಗ ಸೈಜ್. ವಿಕ್ರಾಂತ್ ಟೈರ್ ಫ್ಯಾಕ್ಟರಿಯ ಊರು ನಮ್ಮದು, ಆದರೂ 255/35 ಆರ್18 ಕೇಳಿದರೆ ಅಂಗಡಿಯವರು ತಲೆ ಕೆರೆದುಕೊಳ್ಳುತ್ತಾರೆ. ನಾನು ಮೊದಲು ಹೋದ ಅಂಗಡಿಯವನು ‘ಅದು ಬರಲ್ಲ ಸಾರ್, 255/40 ಇದೆ, ಹಾಕ್ಕೊಡ್ತೀನಿ, ರೋಡ್ ಹಂಪ್‌ಗೂ ತಗಲಲ್ಲ’ ಅಂದ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಲೆಕ್ಕ ಹಾಕಿ ನೋಡಿ. 255 ಅಂದರೆ ಅಗಲ, ಮಿ.ಮೀ.ನಲ್ಲಿ. 35 ಅಂದರೆ ಆ ಅಗಲದ ನೂರಕ್ಕೆ 35ರಷ್ಟು ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ. 18 ರಿಮ್ಮಿನ ಇಂಚು. ಹಾಗಾಗಿ 255/35 ಟೈರಿನ ಒಟ್ಟು ಎತ್ತರ ಸುಮಾರು 636 ಮಿ.ಮೀ. ನನ್ನ ಕಾರಿಗೆ ಮುಂದೆ ಬರುವ 225/40 ಆರ್18ರದ್ದು ಸುಮಾರು 637. ಕಂಪನಿ ಎರಡನ್ನೂ ಬೇಕೆಂದೇ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಇಟ್ಟಿದೆ. 255/40 ಹಾಕಿದರೆ ಹಿಂದಿನದು 661 ಆಗುತ್ತದೆ. ಹಿಂದಿನ ಚಕ್ರ ಮುಂದಿನದಕ್ಕಿಂತ ಯಾವಾಗಲೂ ನಿಧಾನವಾಗಿ ತಿರುಗುತ್ತಿರುತ್ತದೆ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್, ಕಾರು ಜಾರದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್, ಇವೆರಡೂ ನಾಲ್ಕು ಚಕ್ರಗಳ ವೇಗ ಹೋಲಿಸಿಯೇ ಕೆಲಸ ಮಾಡುವುದರಿಂದ ಅವುಗಳ ಲೆಕ್ಕ ತಪ್ಪುತ್ತದೆ. ನಾನು ನಮಸ್ಕಾರ ಹೇಳಿ ಹೊರಗೆ ಬಂದೆ. ಬೇಕಾದ ಸೈಜ್ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲೋ ಮ್ಯಾನುಯಲ್‌ನಲ್ಲೋ ಇರುತ್ತದೆ. ಈಗ ಕಾರಿಗೆ ಹಾಕಿರುವ ಟೈರ್ ನೋಡಿಕೊಂಡು ಹೋಗಬೇಡಿ, ಹಿಂದಿನ ಮಾಲೀಕ ಏನು ಹಾಕಿಸಿದ್ದನೋ ಯಾರಿಗೆ ಗೊತ್ತು.

ಸೈಜಿನ ಪಕ್ಕದಲ್ಲೇ 94ಡಬ್ಲ್ಯು ಅನ್ನೋ ಥರ ಒಂದು ಗುರುತು ಇರುತ್ತದೆ. 94 ಅಂದರೆ ಒಂದು ಟೈರ್ 670 ಕೆ.ಜಿ. ಹೊರುತ್ತದೆ, 90 ಆದರೆ 600. ಡಬ್ಲ್ಯು ಅಂದರೆ ಗಂಟೆಗೆ 270 ಕಿ.ಮೀ. ತಡೆಯುತ್ತದೆ, ವೈ ಅಂದರೆ 300. ‘ಬೆಂಗಳೂರು ಎಕ್ಸ್‌ಪ್ರೆಸ್‌ವೇನಲ್ಲೇ ಮಿತಿ 100, ಉದ್ದಕ್ಕೂ ಕ್ಯಾಮೆರಾ, ನಮಗ್ಯಾಕೆ 270ರ ಟೈರು’ ಅಂತ ನಮ್ಮ ಭಾವ ಕೇಳಿದ್ದ. ಅದು ಬರೀ ವೇಗದ ವಿಷಯ ಅಲ್ಲ, ಬಿಸಿ ಎಷ್ಟು ತಡೆಯುತ್ತದೆ ಅನ್ನುವುದೂ ಅದರಲ್ಲೇ ಇದೆ. ಮ್ಯಾನುಯಲ್ ಹೇಳಿದ್ದಕ್ಕಿಂತ ಕಡಿಮೆ ಹಾಕಬೇಡಿ, ಅಷ್ಟೇ.

ನನಗೆ ಜಾಸ್ತಿ ತಲೆ ತಿಂದದ್ದು ರನ್‌ಫ್ಲಾಟ್ ಪ್ರಶ್ನೆ. ಈ ಕಾರಿಗೆ ಸ್ಟೆಪ್ನಿ ಇಲ್ಲ, ರನ್‌ಫ್ಲಾಟ್ ಇದ್ದರೆ ಪಂಕ್ಚರ್ ಆದರೂ 80 ಕಿ.ಮೀ. ವೇಗದೊಳಗೆ ಸುಮಾರು 80 ಕಿ.ಮೀ. ದೂರ ಹೋಗಬಹುದು. ಮದ್ದೂರಿನಲ್ಲಿ ಮೊಳೆ ಚುಚ್ಚಿದರೂ ಮೈಸೂರು ಸೇರಿಕೊಳ್ಳಬಹುದು. ಆದರೆ ಸೈಡ್‌ವಾಲ್ ಗಟ್ಟಿ, ಪ್ರತಿ ಗುಂಡಿಯೂ ಸೊಂಟಕ್ಕೇ ಬಂದು ಹೊಡೆಯುತ್ತದೆ, ಬೆಲೆಯೂ ಜಾಸ್ತಿ. ನಾನು ಕೊನೆಗೆ ಮಾಮೂಲಿ ಟೈರನ್ನೇ ಆರಿಸಿದೆ, ಡಿಕ್ಕಿಯಲ್ಲಿ ಪಂಕ್ಚರ್ ಕಿಟ್, ಒಂದು ಸಣ್ಣ ಕಂಪ್ರೆಸರ್ ಇಟ್ಟುಕೊಂಡೆ. ಆದರೆ ಸೈಡ್‌ವಾಲ್ ಹರಿದರೆ ಕಿಟ್ ಯಾವ ಕೆಲಸಕ್ಕೂ ಬರುವುದಿಲ್ಲ, ಟೋಯಿಂಗ್ ಗಾಡಿಯೇ ಗತಿ. ರಾತ್ರಿ ಹೊತ್ತು ಒಬ್ಬರೇ ಜಾಸ್ತಿ ಓಡಾಡುವವರಾದರೆ ರನ್‌ಫ್ಲಾಟ್ ಬಿಡಬೇಡಿ. ಏನೇ ಮಾಡಿ, ಹಿಂದೆ ಮಾಮೂಲಿ, ಮುಂದೆ ರನ್‌ಫ್ಲಾಟ್ ಅಂತ ಬೆರಕೆ ಬೇಡ. ಎರಡರ ಗುಣ ಬೇರೆ, ತಿರುವಿನಲ್ಲಿ ಮುಂಭಾಗ ಒಂದು ಹೇಳಿದರೆ ಹಿಂಭಾಗ ಇನ್ನೊಂದು ಹೇಳುತ್ತದೆ. ನಾನು ಇದೇ ಕಾರಣಕ್ಕೆ ನಾಲ್ಕೂ ಬದಲಿಸಬೇಕಾಯಿತು, ಮನೆಯಲ್ಲಿ ಎರಡು ಅಂತಲೇ ಹೇಳಿದ್ದೇನೆ.

ಮುಂದಿನವು ಚೆನ್ನಾಗಿದ್ದು ಹಿಂದಿನ ಎರಡು ಮಾತ್ರ ಸಾಕು ಅನ್ನುವವರು ಮುಂದೆ ಇರುವ ಕಂಪನಿ, ಮಾಡೆಲ್ಲನ್ನೇ ಹುಡುಕಿ. ಸಿಗದಿದ್ದರೆ ಕೊನೇಪಕ್ಷ ಹಿಂದಿನ ಜೋಡಿಯಾದರೂ ಒಂದೇ ಆಗಿರಲಿ. ಒಂದು ಟೈರ್ ಮಾತ್ರ ಬದಲಿಸಿ ದುಡ್ಡು ಉಳಿಸುವ ಆಲೋಚನೆ ಸುಮ್ನೆ ಬಿಟ್ಟುಬಿಡಿ. ಮಿಶೆಲಿನ್ ಪೈಲಟ್ ಸ್ಪೋರ್ಟ್, ಪಿರೆಲ್ಲಿ ಪಿ ಜೀರೋ, ಕಾಂಟಿನೆಂಟಲ್ ಸ್ಪೋರ್ಟ್‌ಕಾಂಟ್ಯಾಕ್ಟ್, ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಜಗಳ ಆಡುವುದಕ್ಕಿಂತ ನಿಮ್ಮ ಸೈಜಿನಲ್ಲಿ ಹೊಸದಾಗಿ ತಯಾರಾದದ್ದು ಯಾವುದು ಸಿಗುತ್ತದೆ ನೋಡಿ. ಟ್ರ್ಯಾಕಿಗೆ ಅಂತ ಮಾಡಿದ, ಬಟನ್ ಕಡಿಮೆ ಇರುವ ಟೈರ್ ಮಾತ್ರ ನಮ್ಮ ಮಳೆಗೆ ಬೇಡ. ಪೋರ್ಶೆಯವರು ಎನ್ ಗುರುತು, ಬಿಎಂಡಬ್ಲ್ಯುನವರು ನಕ್ಷತ್ರದ ಗುರುತು ಇರುವುದನ್ನು ಹುಡುಕುತ್ತಾರೆ, ಆ ಕಾರಿಗೆ ಅಂತಲೇ ಕಂಪನಿ ಒಪ್ಪಿದ ಟೈರ್ ಅಂತ ಅರ್ಥ.

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದಿಗೆ ನಿರ್ಬಂಧ ಹಾಕಿತು, ಇಂಥ ಸೈಜಿಗೆ ಕಾಯಬೇಕಾಗಿ ಬಂದರೆ ಆಶ್ಚರ್ಯಪಡಬೇಡಿ. ಕಾಯ್ದು ಸಿಕ್ಕಿದೆಯಲ್ಲ ಅಂತ ಹಳೇ ಸ್ಟಾಕ್ ತೆಗೆದುಕೊಳ್ಳಬೇಡಿ. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2324 ಅಂತ ಇದ್ದರೆ 2024ರ 23ನೇ ವಾರ ತಯಾರಾದದ್ದು. ಎರಡೂ ಟೈರಿನದ್ದು ನೋಡಿ, ಐಎಸ್‌ಐ ಗುರುತನ್ನೂ ನೋಡಿ.

ಹಾಕಿಸುವ ದಿನ ಅಲ್ಲೇ ನಿಂತಿರಿ. ಕಬ್ಬಿಣದ ಸಲಾಕೆ ಹಾಕಿ ಮೀಟುವ ಮಷೀನಿಗೆ ರಿಮ್ ಕೊಡಬೇಡಿ, ತಗ್ಗು ಸೈಡ್‌ವಾಲಿನ ಟೈರಿಗೆ ಬೇರೆ ಮಷೀನ್ ಇರುವ ಅಂಗಡಿ ಹುಡುಕಿ. ಜಾಕ್ ಎಲ್ಲಿ ಕೊಡುತ್ತಾರೆ ನೋಡಿ. ನೈಟ್ರೋಜನ್ ಹಾಕಿಸಿದರೂ ಸರಿ, ಬಿಟ್ಟರೂ ಸರಿ, ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ಅದೇ ಇದೆ. ಮೊದಲ 200–300 ಕಿ.ಮೀ. ನಿಧಾನ, ಹೊಸ ರಬ್ಬರ್ ಮೇಲಿನ ನುಣುಪು ಹೋಗುವವರೆಗೆ ಹಿಡಿತ ಕಡಿಮೆ.

ಅಲೈನ್‌ಮೆಂಟ್ ಮಾಡಿಸುವಾಗ ‘ಹಿಂದಿನದೂ ಸೆಟ್ ಮಾಡ್ತೀರಾ’ ಅಂತ ಕೇಳಿ. ಎಷ್ಟೋ ಕಡೆ ಮುಂದಿನ ಟೋ ಮಾತ್ರ ಸರಿಮಾಡಿ ಬಿಲ್ ಕೊಡುತ್ತಾರೆ. ನಾಲ್ಕು ಚಕ್ರದ ಅಂಕಿ ಇರುವ ಪ್ರಿಂಟ್ ಇಸ್ಕೊಳ್ಳಿ. ತೆಗೆದ ಹಳೇ ಟೈರನ್ನು ಆ ಕೆಲಸದವರಿಗೇ ತೋರಿಸಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇತ್ತು, ನಡುವೆ ಸವೆದಿದ್ದರೆ ಜಾಸ್ತಿ ಇತ್ತು, ನನ್ನದರ ಹಾಗೆ ಒಳ ಅಂಚು ಮಾತ್ರ ಹೋಗಿದ್ದರೆ ಟೋ, ಕ್ಯಾಂಬರ್ ಸರಿಯಾಗುವವರೆಗೆ ಕಾರನ್ನು ಅಲ್ಲಿಂದ ತೆಗೆಯಬೇಡಿ.